ಅರಚುವ ಸೈಲೆನ್ಸರ್, ತುದಿ ಮುಚ್ಚಿದ ಪೈಪು

ಸುಗುಣಾಬಾಯಿಯವರ ಹಳೆಯ ಡೈರಿಯಲ್ಲಿ ೨೦೦೯ರ ಫೆಬ್ರವರಿ ೧೧ರಂದು ಬರೆದಿಟ್ಟ ಸಂಗತಿ ಇದು. ಅವರ ಕಾರಿಗೆ ಹೊಸದಾಗಿ ಹಾಕಿಸಿದ್ದ ಸೈಲೆನ್ಸರಿನ ಅಬ್ಬರಕ್ಕೆ ಬೀದಿಯೇ ಬೇಸತ್ತಿತ್ತು. "ಸದ್ದಡಗದಿದ್ದರೆ ಈ ಸೈಲೆನ್ಸರನ್ನು ನಾಳೆಯೇ ಗುಜರಿಗೆ ಹಾಕಿ," ಎಂದರು ಸುಗುಣಾಬಾಯಿಯವರು. ಮೆಕ್ಯಾನಿಕ್ ಅದರ ಪಕ್ಕಕ್ಕೆ ತುದಿ ಮುಚ್ಚಿದ ಗಿಡ್ಡ ಪೈಪೊಂದನ್ನು ವೆಲ್ಡ್ ಮಾಡಿದ.

ಸೈಲೆನ್ಸರ್ ಕೆರಳಿತು. "ನನ್ನ ಬಾಯಿ ಕಟ್ಟಿದರೆ ಎಂಜಿನ್ನಿನ ಉಸಿರು ಕಟ್ಟೀತು. ಆಮೇಲೆ ಘಾಟಿ ಹತ್ತಿಸುವವರು ಯಾರು, ನೀನೋ?"

"ನಿನ್ನ ದಾರಿಗೆ ನಾನು ಅಡ್ಡ ನಿಂತಿಲ್ಲವಲ್ಲ, ಅಣ್ಣ," ಎಂದಿತು ಗಿಡ್ಡ ಪೈಪು. "ಹೊಗೆ ನೇರವಾಗಿ ಹೋಗಲಿ. ನಿನ್ನ ಕೂಗು ಮಾತ್ರ ನನ್ನೊಳಗೆ ಬಂದು, ಮುಚ್ಚಿದ ತುದಿಗೆ ಬಡಿದು, ನಿನ್ನ ಬಳಿಗೇ ಮರಳಲಿ."

ಮರುದಿನ ಘಾಟಿಯಲ್ಲಿ ಸೈಲೆನ್ಸರ್ ಹಟಕ್ಕೆ ಬಿದ್ದು ಕೂಗಿತು. ಒಳಹೊಕ್ಕ ಕೂಗು ತಿರುಗಿ ಬಂದು ಹಿಂದಿನಿಂದ ಬರುತ್ತಿದ್ದ ಕೂಗಿಗೆ ಎದುರಾದದ್ದೇ ತಡ, ಒಂದರ ಏರಿಗೆ ಇನ್ನೊಂದರ ಇಳಿತ ಕೂಡಿ ಎರಡೂ ಕರಗಿಹೋದವು. ಕಾರು ಎಂದಿನ ವೇಗದಲ್ಲೇ ಏರುತ್ತಿತ್ತು. ಆ ಮೌನದಲ್ಲಿ ಎಲ್ಲಿಂದಲೋ ಗಂಭೀರವಾದ, ತಡೆಯಿಲ್ಲದ ಎದೆಬಡಿತವೊಂದು ಕೇಳಿಸಿತು. ಎಂಜಿನ್ನಿನದು. ಸೈಲೆನ್ಸರ್ ಬೆರಗಾಯಿತು.

"ಇಷ್ಟು ದಿನ ನೀವೇಕೆ ಮಾತಾಡಲಿಲ್ಲ?"

"ಮಾತಾಡುತ್ತಲೇ ಇದ್ದೆನಪ್ಪ," ಎಂದಿತು ಎಂಜಿನ್.

ತಗುಲಿದ ಖರ್ಚು: ಪೈಪು, ವೆಲ್ಡಿಂಗ್ ಸೇರಿ ಏಳುನೂರು ರೂಪಾಯಿ. ಕಾರಿನ ವೇಗದಲ್ಲಿ ಕಳೆದುಕೊಂಡದ್ದು ಏನೂ ಇಲ್ಲ.