ಹೊಸ ಕ್ಯಾಮ್‌ಶಾಫ್ಟಿನ ಮೊದಲ ಅರ್ಧ ಗಂಟೆ

"ಗುರುಗಳೇ, ಕರುಣೆಯಿಂದ ಮಾಡಿದ್ದು ಕೆಡುಕಾಗುವುದುಂಟೇ?" ಎಂದು ಶಿಷ್ಯ ಸಂಗಯ್ಯ ಕೇಳಿದ.

"ಏನು ಮಾಡಿದೆ, ಅದನ್ನು ಹೇಳು. ಕರುಣೆಯ ವಿಚಾರ ಆಮೇಲೆ" ಎಂದರು ಗುರುಗಳು.

ಸಂಗಯ್ಯ ಹೇಳಿದ. ಅವನ ಹೆಂಡತಿ ಶಿವಲೀಲೆಗೆ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸರಿಹೋದವು. ನಾಲಿಗೆ ಮಾತ್ರ ತೊಡರುತ್ತಿತ್ತು. ಮೊದಲು ಅವಳು ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಮಾತಿನಲ್ಲೇ ಸೋಲಿಸುತ್ತಿದ್ದವಳು. ಈಗಲೇ ಹೆಚ್ಚು ಮಾತಾಡಿಸಬೇಕು, ತಡಮಾಡಿದರೆ ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆದರೆ ಒಂದು ಮಾತಿಗೆ ಅವಳು ಪಡುವ ಪಾಡನ್ನು ಸಂಗಯ್ಯನಿಂದ ನೋಡಲಾಗುತ್ತಿರಲಿಲ್ಲ. ಅವಳು 'ನೀ' ಎನ್ನುವಷ್ಟರಲ್ಲಿ ನೀರು ತಂದುಕೊಡುತ್ತಿದ್ದ. ಮನೆಗೆ ಬಂದವರು ಅವಳನ್ನು ಏನಾದರೂ ಕೇಳಿದರೆ ತಾನೇ ಉತ್ತರ ಹೇಳುತ್ತಿದ್ದ.

"ನಿನ್ನೆ ನೀರಿನ ಲೋಟವನ್ನು ಗೋಡೆಗೆ ಎಸೆದಳು. ನನ್ನ ಮುಖ ನೋಡುತ್ತಿಲ್ಲ. ನಾನೇನು ತಪ್ಪು ಮಾಡಿದೆ ಗುರುಗಳೇ?"

"ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

"ಕಾರಿನ ಕತೆಯೇ?"

"ಎತ್ತಿನ ಗಾಡಿಯ ಕತೆ ಹೇಳೋಣವೆಂದರೆ, ನೀನು ಗಾಡಿ ಹೊಡೆದಿದ್ದೀಯಾ? ಇಲ್ಲವಲ್ಲ. ಹಾಗಾದರೆ ಕೇಳು."

ಗುರುಗಳು ಹೇಳಿದ ಕತೆ ಇದು.

ಒಬ್ಬ ಜವಳಿ ವರ್ತಕನ ಬಳಿ ಹಳೆಯ ಕಾಲದ ಓಟದ ಕಾರು ಇತ್ತು. ಇಬ್ಬರಿಗಷ್ಟೇ ಜಾಗ. ಅದು ಅವನ ಅಣ್ಣನದು. ಅಣ್ಣ ಅದನ್ನು ಪಂದ್ಯಗಳಲ್ಲಿ ಓಡಿಸಿ ಹೆಸರು ಮಾಡಿದ್ದ, ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡ. ವರ್ತಕ ಕಾರನ್ನು ಮಾರಲಿಲ್ಲ. ಬಿಡುವಿದ್ದಾಗ ತೆಗೆದು ಓಡಿಸುತ್ತಿದ್ದ. ಆ ಎಂಜಿನ್ನಿನ ಸದ್ದು ಕೇಳಿದರೆ ಅಣ್ಣ ಪಕ್ಕದಲ್ಲಿ ಕೂತಿದ್ದಾನೆ ಅನಿಸುತ್ತಿತ್ತು.

ಬರಬರುತ್ತ ಎಂಜಿನ್ ಸೊರಗಿತು. ಏರುರಸ್ತೆಯಲ್ಲಿ ಎಳೆಯಲಾರದಾಯಿತು. ವರ್ತಕ ಅದನ್ನು ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ತಂದ. ಮೇಸ್ತ್ರಿ ಬಿಚ್ಚಿ ನೋಡಿದ. ಕ್ಯಾಮ್‌ಶಾಫ್ಟ್ ಸವೆದಿತ್ತು.

ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನೊಳಗೆ ತಿರುಗುವ ಒಂದು ದಂಡ. ಅದರ ಮೇಲೆ ಉಬ್ಬುಗಳಿರುತ್ತವೆ. ಆ ಉಬ್ಬುಗಳು ತಿರುಗುತ್ತ ವಾಲ್ವುಗಳನ್ನು ತೆರೆಯುತ್ತವೆ. ಎಂಜಿನ್ ಉಸಿರಾಡುವುದು ವಾಲ್ವುಗಳಿಂದ. ಉಬ್ಬು ಸವೆದರೆ ಉಸಿರು ಸಾಲದು.

ಅಂಥ ಕಾರು ತಯಾರಿಸುವುದು ನಿಂತು ಬಹಳ ಕಾಲವಾಗಿತ್ತು. ವರ್ತಕ ಊರೂರಿಗೆ ಹೇಳಿ ಕಳಿಸಿದ. ಕೊನೆಗೆ ಯಾರದೋ ಅಟ್ಟದಲ್ಲಿ ಬಳಸದ ಕ್ಯಾಮ್‌ಶಾಫ್ಟ್ ಸಿಕ್ಕಿತು. ಉಬ್ಬುಗಳಿಗೆ ತಾಗಿ ಕೂರುವ ಟ್ಯಾಪೆಟ್ಟುಗಳೂ ಅದರ ಜೊತೆಗಿದ್ದವು. ಅಂಥದು ಇನ್ನೊಂದು ಎಲ್ಲಿಯೂ ಇರಲಿಲ್ಲ.

ಮೇಸ್ತ್ರಿ ಎಲ್ಲವನ್ನೂ ಕೂರಿಸಿದ. ಸ್ಟಾರ್ಟ್ ಮಾಡುವ ಮೊದಲು ಹೇಳಿದ: "ಸಾಹುಕಾರರೇ, ಮೊದಲ ಅರ್ಧ ಗಂಟೆ ಜೋರಾಗಿಯೇ ತಿರುಗಿಸಬೇಕು. ನಿಲ್ಲಿಸಬಾರದು, ನಿಧಾನವೂ ಮಾಡಬಾರದು. ಕ್ಯಾಮ್‌ಗೆ ಎಣ್ಣೆ ಕೆಳಗಿನಿಂದ ಚಿಮ್ಮಿ ಬರಬೇಕು. ಜೋರಾಗಿ ತಿರುಗಿದರೆ ತಾನೇ ಚಿಮ್ಮುವುದು? ಉಬ್ಬೂ ಟ್ಯಾಪೆಟ್ಟೂ ಒಂದಕ್ಕೊಂದು ಒಗ್ಗುವುದು ಈಗಲೇ. ನೀವು ಮನೆಗೆ ಹೋಗಿ ಊಟ ಮಾಡಿಕೊಂಡು ಬನ್ನಿ."

ವರ್ತಕ ಹೋಗಲಿಲ್ಲ.

ಎಂಜಿನ್ ಕೂಗತೊಡಗಿತು. ಗ್ಯಾರೇಜಿನ ತಗಡು ಅದುರಿತು. ವರ್ತಕ ಕಿವಿ ಮುಚ್ಚಿಕೊಂಡ, ಕೈ ತೆಗೆದ, ಮತ್ತೆ ಮುಚ್ಚಿಕೊಂಡ.

"ಸಾಕು ಮಾರಾಯ, ಅದನ್ನು ಕೊಂದುಬಿಡುತ್ತೀಯಾ?"

"ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಗಂಡನ ಹಾಗೆ ಆಡುತ್ತೀರಲ್ಲ! ಆಚೆ ಹೋಗಿ ಸಾಹುಕಾರರೇ."

"ಅಳುತ್ತಿದೆ ನೋಡಯ್ಯ. ಅಣ್ಣ ಇದ್ದಿದ್ದರೆ ಅದನ್ನು ಹೀಗೆ ಅಳಿಸುತ್ತಿರಲಿಲ್ಲ."

ವರ್ತಕನ ಕಣ್ಣಲ್ಲಿ ನೀರಿತ್ತು. ಮೇಸ್ತ್ರಿಯ ಎದೆಯೇನು ಕಲ್ಲಲ್ಲ. ಆ ಅಣ್ಣನನ್ನು ಅವನೂ ಬಲ್ಲ. ಅರ್ಧ ಗಂಟೆ ಆಗುವ ಮೊದಲೇ ಆ್ಯಕ್ಸಿಲರೇಟರಿನ ಮೇಲಿದ್ದ ಕಾಲನ್ನು ಸಡಿಲಿಸಿದ.

ಕೂಗು ಇಳಿಯಿತು. ಎಂಜಿನ್ ಮೆಲ್ಲಗೆ ತಿರುಗತೊಡಗಿತು. ಕೇಳಲು ಇಂಪಾಗಿತ್ತು. ಇಬ್ಬರಿಗೂ ಸಮಾಧಾನವಾಯಿತು. ಚಹಾ ತರಿಸಿ ಕಾರಿನ ಪಕ್ಕದಲ್ಲೇ ಕೂತು ಕುಡಿದರು. ಅಣ್ಣ ಒಮ್ಮೆ ಪಂದ್ಯದ ನಡುವೆ ಕಾರು ನಿಲ್ಲಿಸಿ ಕಬ್ಬಿನ ಹಾಲು ಕುಡಿದದ್ದನ್ನು ವರ್ತಕ ಹೇಳಿದ. ಇಬ್ಬರೂ ನಕ್ಕರು.

ಚಹಾ ಮುಗಿದಿರಲಿಲ್ಲ. ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಮೇಸ್ತ್ರಿಯ ನಗು ನಿಂತಿತು. ಎದ್ದು ಎಂಜಿನ್ ಆರಿಸಿದ. ಮತ್ತೆ ಬಿಚ್ಚಿದ. ಹೊಸ ಉಬ್ಬುಗಳು ಎಣ್ಣೆ ಸಾಲದೆ ಉಜ್ಜಿಕೊಂಡು ಚಪ್ಪಟೆಯಾಗಿದ್ದವು. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು.

ಮೇಸ್ತ್ರಿ ವರ್ತಕನನ್ನು ಬೈಯಲಿಲ್ಲ. ವರ್ತಕನೂ ಮೇಸ್ತ್ರಿಯನ್ನು ಬೈಯಲಿಲ್ಲ. ಇಬ್ಬರೂ ಒಳ್ಳೆಯವರು. ಕಾರು ಮಾತ್ರ ಮತ್ತೆ ಓಡಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಸಂಗಯ್ಯನಿಗೆ ವರ್ತಕನ ಮೇಲೆ ಮರುಕ ಉಂಟಾಯಿತು.

"ಪಾಪ, ಅವನಾದರೂ ಏನು ಮಾಡಿಯಾನು? ಕಣ್ಣೆದುರು ಅಷ್ಟು ನೋವು ನಡೆಯುತ್ತಿದ್ದರೆ ನಿಲ್ಲಿಸದೆ ಇರಲಾಗುತ್ತದೆಯೇ ಗುರುಗಳೇ?"

ಗುರುಗಳು ಹೇಳಿದರು: "ಅವನು ನಿಲ್ಲಿಸಿದ್ದು ತನ್ನ ನೋವನ್ನು, ಸಂಗಯ್ಯ."