ಕಲ್ಲು ದಾಟಿಸುವ ಹಾಡು

"ಗುರುಗಳೇ, ಬೀದಿಯಲ್ಲಿ ಮಕ್ಕಳು ಆಡುತ್ತ ಹಾಡುವ ಹಾಡನ್ನು ಶಾಲೆಯಲ್ಲಿ ಸಂಗೀತವೆಂದು ಕಲಿಸಬಹುದೇ?" ಎಂದು ಶಿಷ್ಯ ಮೃತ್ಯುಂಜಯ ಕೇಳಿದ. ಅವನು ಶಾಲೆಯೊಂದರಲ್ಲಿ ಸಂಗೀತದ ಮೇಷ್ಟರಾಗಿದ್ದ. ಅಲ್ಲಿನ ಆಡಳಿತ ಮಂಡಳಿಯವರು ಅದು ಕೂಡದೆಂದಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಆಫ್ರಿಕಾದ ಘಾನಾ ದೇಶದ ಹಳ್ಳಿಶಾಲೆಗೆ ಅಬೇನಾ ಎಂಬ ಸಂಗೀತ ಶಿಕ್ಷಕಿ ಬಂದಳು. ಅಲ್ಲಿ ಮಕ್ಕಳು ಬೆಂಚಿನ ಮೇಲೆ ಕೈಕಟ್ಟಿ ಕೂತು ಪರದೇಶದ ಹಾಡು ಹಾಡಬೇಕಿತ್ತು. ಅವರ ದನಿಯಲ್ಲಿ ಜೀವವಿರಲಿಲ್ಲ. ಬಿಡುವಿನ ಗಂಟೆ ಹೊಡೆದರೆ ಅದೇ ಮಕ್ಕಳು ಅಂಗಳದಲ್ಲಿ ದುಂಡಗೆ ಕೂತು, ತಾಳಕ್ಕೆ ಸರಿಯಾಗಿ ಕಲ್ಲುಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಅಜ್ಜಿಯರಿಂದ ಬಂದ ಹಾಡನ್ನು ಹಾಡುತ್ತಿದ್ದರು. ತಾಳ ತಪ್ಪಿದವರ ಮುಂದೆ ಕಲ್ಲು ಗುಡ್ಡೆಯಾಗುತ್ತಿತ್ತು. ಎಲ್ಲರೂ ನಕ್ಕು ಮತ್ತೆ ಮೊದಲಿನಿಂದ ಹಾಡುತ್ತಿದ್ದರು.

ಅಬೇನಾ ಬೆಂಚುಗಳನ್ನು ಗೋಡೆಗೆ ತಳ್ಳಿಸಿ, ಆ ಕಲ್ಲುಗಳನ್ನು ತರಗತಿಯೊಳಕ್ಕೆ ತರಿಸಿದಳು. ಎಂದೂ ಬಾಯಿಬಿಡದ ಒಬ್ಬ ಹುಡುಗಿ ಅಂದು ಎಲ್ಲರಿಗಿಂತ ಜೋರಾಗಿ ಹಾಡಿದಳು.

ಮುಖ್ಯೋಪಾಧ್ಯಾಯ ಧಾವಿಸಿ ಬಂದ. "ಇದು ಆಟ. ನೀವು ಸಂಗೀತ ಕಲಿಸಿ" ಎಂದ.

"ಇಲ್ಲಿ ಒಬ್ಬರು ತಾಳ ತಪ್ಪಿದರೆ ಉಳಿದವರೇ ತಿದ್ದುತ್ತಾರೆ. ನಿಮ್ಮ ಹಾಡಿಗಾದರೆ ನಾನು ಕೋಲು ಹಿಡಿಯಬೇಕು. ಯಾವುದು ಪಾಠ, ನೀವೇ ಹೇಳಿ."

"ಬೆಂಚು ಹಾಕಿಸಿ. ಇಲ್ಲವಾದರೆ ಹೊರಡಿ."

"ಹಾಕಿಸುವುದಿಲ್ಲ" ಎಂದಳು ಅಬೇನಾ. ಅವಳನ್ನು ಕೆಲಸದಿಂದ ತೆಗೆದರು.

ಮರುದಿನ ಬೆಂಚುಗಳು ಸಾಲಾಗಿ ನಿಂತವು. ಮುಖ್ಯೋಪಾಧ್ಯಾಯನೇ ಪಾಠಕ್ಕೆ ಬಂದು, ಹಾಡಿ ಎಂದ. ಯಾರೂ ಹಾಡಲಿಲ್ಲ. ಗದರಿಸಿದ. ಆಗ ಆ ಹುಡುಗಿ ತನ್ನ ಸ್ಲೇಟನ್ನು ಪಕ್ಕದವಳ ಮುಂದೆ ಕುಟ್ಟಿ ಇಟ್ಟು, ಅಂಗಳದ ಹಾಡನ್ನು ಎತ್ತಿಕೊಂಡಳು. ಪಕ್ಕದವಳು ತನ್ನ ಸ್ಲೇಟನ್ನು ಆಚೆಯವನಿಗೆ ದಾಟಿಸಿದಳು. ಇಡೀ ಸಾಲು ದನಿಗೂಡಿಸಿತು. ಮುಖ್ಯೋಪಾಧ್ಯಾಯ ಆ ಹುಡುಗಿಯನ್ನು ಹೊರಗೆ ಅಟ್ಟಿದ. ಹಾಡು ನಿಲ್ಲಲಿಲ್ಲ. ಪಕ್ಕದವಳನ್ನೂ ಅಟ್ಟಿದ. ಅಟ್ಟಿಸಿಕೊಂಡವರು ಅಳಲಿಲ್ಲ, ಅಂಗಳದಲ್ಲಿ ಕೂತು ಹಾಡನ್ನು ಮುಂದುವರಿಸಿದರು. ಕೊನೆಗೆ ಮಕ್ಕಳೆಲ್ಲ ಹೊರಗಿದ್ದರು. ಒಳಗೆ ಬೆಂಚುಗಳ ನಡುವೆ ಅವನೊಬ್ಬನೇ ಉಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮೃತ್ಯುಂಜಯ "ಆ ಶಿಕ್ಷಕಿಗೆ ಕೆಲಸ ಮರಳಿ ಸಿಕ್ಕಿತೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಮಕ್ಕಳು ಹಾಡಿದರು ಎಂದೆ ನಾನು, ನೀನು ಸಂಬಳದ ಮಾತು ಕೇಳುತ್ತಿದ್ದೀಯೆ."