ದಿಡ್ಡಿ ಬಾಗಿಲಲ್ಲಿ ಕರೆಯಬೇಕಾದ ಹೆಸರು

“ಗುರುಗಳೇ, ತಲೆ ನರೆಯುವವರೆಗೆ ಸೈನ್ಯದಲ್ಲಿ ದುಡಿದವನು, ಸೇರಿದ ದಿನ ಏನಾಗಿದ್ದನೋ ಅದೇ ಆಗಿ ಮನೆಗೆ ಮರಳುವುದು ಏಕೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದ ಜಗಲಿಯಲ್ಲಿ ಕೂತಿದ್ದ ಗುರುಗಳು ಅವನ ಮುಖ ನೋಡಿದರು. “ಇದು ಲೋಕದ ಪ್ರಶ್ನೆಯೋ, ನಿಮ್ಮ ಮನೆಯ ಪ್ರಶ್ನೆಯೋ?”

ಮನೆಯದೇ. ಅವನ ತಂದೆ ಹಾಲಪ್ಪ ರಾಜನ ಸೈನ್ಯದಿಂದ ಬಿಡುಗಡೆಯಾಗಿ ಆ ದಿನವೇ ಊರಿಗೆ ಬರುವವನಿದ್ದ. ಅವನ ಜೊತೆಗೇ ಸೈನ್ಯ ಸೇರಿದ ಪಕ್ಕದ ಕೇರಿಯವನು ಸರದಾರನಾಗಿ ಕುದುರೆಯ ಮೇಲೆ ಬಂದಾಗ ಊರು ಕೊಂಬು ಊದಿಸಿತ್ತು. ಹಾಲಪ್ಪ ಕಾಲಾಳಾಗಿ ಹೋದವನು ಕಾಲಾಳಾಗಿಯೇ ಬರುತ್ತಿದ್ದ, ಅದೂ ನಡೆದುಕೊಂಡು. “ನಿಮ್ಮಪ್ಪ ಇಷ್ಟು ವರ್ಷ ಕೋಟೆಯ ಗೋಡೆ ಬೀಳದ ಹಾಗೆ ಬೆನ್ನು ಕೊಟ್ಟು ನಿಂತಿದ್ದನೇನಪ್ಪಾ!” ಎಂದು ಕಟ್ಟೆಯ ಮೇಲಿನವರು ನಕ್ಕಿದ್ದರು. ಊರ ಬಾಗಿಲಲ್ಲಿ ತಂದೆಯನ್ನು ಎದುರುಗೊಳ್ಳಬೇಕಾದ ಮಗ ಮಠಕ್ಕೆ ಬಂದು ಕೂತಿದ್ದ.

“ಹೋಗಲೋ ಬೇಡವೋ ತಿಳಿಯುತ್ತಿಲ್ಲ. ಅಪ್ಪ ಹೇಡಿಯಾಗಿದ್ದರೆ ಯಾವ ಮುಖ ಹೊತ್ತು ಅವನ ಪಕ್ಕದಲ್ಲಿ ನಡೆಯಲಿ?”

“ಅವನನ್ನೇ ಕೇಳಿದ್ದೀಯಾ?”

“ಹಿಂದೊಮ್ಮೆ ಕೇಳಿದ್ದೆ. ‘ಆಗಲಿಲ್ಲ ಕಣಪ್ಪ’ ಅಂದ. ಅಷ್ಟೇ.”

“ನಿಮ್ಮಪ್ಪನನ್ನು ನಾನು ಕಂಡವನಲ್ಲ. ಬೇರೊಬ್ಬನ ಕತೆ ಹೇಳುತ್ತೇನೆ. ಯಾವ ಕೋಟೆ ಎಂದು ಮಾತ್ರ ಕೇಳಬೇಡ. ಹೇಳಿದರೆ ಆ ಊರಿನವರು ಬಂದು, ನಮ್ಮಲ್ಲಿ ಅಂಥದ್ದು ನಡೆದೇ ಇಲ್ಲ ಎಂದು ಜಗಳ ತೆಗೆಯುತ್ತಾರೆ. ಹೋದ ಸಲ ಹೇಳುವಾಗ ಅದನ್ನು ಬೆಟ್ಟದ ಮೇಲಿಟ್ಟಿದ್ದೆ. ಈ ಸಲ ಬಯಲಿನಲ್ಲಿರಲಿ,” ಎಂದು ಗುರುಗಳು ಹೇಳತೊಡಗಿದರು.

ಒಂದು ಗಡಿಕೋಟೆ. ಅಲ್ಲಿ ಹತ್ತು ಕಾಲಾಳುಗಳಿಗೆ ಒಬ್ಬ ಗುರಿಕಾರ. ಶತ್ರು ಮುತ್ತಿಗೆ ಹಾಕಿದಾಗ ಹತ್ತರಲ್ಲಿ ಒಬ್ಬ ಕೋಟೆಯ ಹಿಂದಿನ ದಿಡ್ಡಿ ಬಾಗಿಲಿನಿಂದ ನುಸುಳಿ ಹೋಗಿ ಶತ್ರುವಿನ ಬೀಡಿನ ಸುದ್ದಿ ತರಬೇಕು. ಹೋದವರಲ್ಲಿ ಬಂದವರೂ ಉಂಟು, ಬಾರದವರೂ ಉಂಟು. ಯಾರು ಹೋಗಬೇಕೆಂದು ಗುರಿಕಾರ ಎಲ್ಲರೆದುರು ಹೆಸರು ಕರೆಯಬೇಕು. ಹೆಸರು ಬಂದವನು ತಲೆಗೆ ಸುತ್ತಿದ ರುಮಾಲು ಬಿಚ್ಚಿ ಗುರಿಕಾರನ ಕೈಗೆ ಕೊಟ್ಟು ಹೊರಡುತ್ತಾನೆ. ಮರಳಿ ಬಂದರೆ ರುಮಾಲು ಅವನ ತಲೆಗೆ. ಬಾರದಿದ್ದರೆ ಗುರಿಕಾರನೇ ಅದನ್ನು ಹೊತ್ತು ಅವನ ಮನೆಗೆ ಹೋಗಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ಬಾಗಿಲಲ್ಲಿ ನಿಂತು “ಹೆಸರು ಕರೆದವನು ನಾನು” ಎನ್ನಬೇಕು. ಆ ಮನೆಯವರು ಬೈಗುಳ ಕೊಟ್ಟರೂ ನೀರು ಕೊಟ್ಟರೂ ತೆಗೆದುಕೊಳ್ಳಬೇಕು. ಇದು ಕೋಟೆಯ ಪದ್ಧತಿ.

ಅಲ್ಲಿ ಒಬ್ಬ ಸೈನಿಕನಿದ್ದ. ಕತ್ತಿ ಬಲ್ಲವನು, ದಾರಿ ಬಲ್ಲವನು, ಹಸಿವು ತಡೆಯಬಲ್ಲವನು. ಅವನ ಗುರಿಕಾರ ಕಾಯಿಲೆ ಬಿದ್ದು ಊರಿಗೆ ಹೋದಾಗ ದಳವಾಯಿ ಇವನನ್ನು ದಿಡ್ಡಿ ಬಾಗಿಲಿಗೆ ಕರೆಸಿದ. “ಇಂದು ನೀನು ಹೆಸರು ಕರೆ. ಕರೆದರೆ ನೀನೇ ಗುರಿಕಾರ.”

ಸೈನಿಕ ತನ್ನ ಹೆಸರನ್ನೇ ಕರೆದ. ರುಮಾಲನ್ನು ಯಾರ ಕೈಗೆ ಕೊಡುವುದೆಂದು ತೋಚದೆ ಗೋಡೆಯ ಮೇಲಿಟ್ಟು ಹೊರಟುಹೋದ. ಸುದ್ದಿ ತಂದ. ರುಮಾಲನ್ನು ಮಾತ್ರ ಗಾಳಿ ಹೊತ್ತೊಯ್ದು ಕಂದಕಕ್ಕೆ ಹಾಕಿತ್ತು.

“ಬೀಗರನ್ನು ಕರೆಯಲು ಕಳಿಸಿದರೆ ತಾನೇ ಊಟಕ್ಕೆ ಕೂತನಲ್ಲಯ್ಯ ಇವನು!” ಎಂದು ದಳವಾಯಿ ಎಲ್ಲರೆದುರು ನಕ್ಕ. ಎಲ್ಲರೂ ಹೋದ ಮೇಲೆ ಕೇಳಿದ. “ಯಾಕೆ ಹಾಗೆ ಮಾಡಿದೆ?”

“ಹೊಸದರಲ್ಲಿ ನನ್ನ ಗುರಿಕಾರರ ಜೊತೆ ಒಂದು ಮನೆಗೆ ಹೋಗಿದ್ದೆ, ಬುದ್ಧೀ. ರುಮಾಲು ಕೊಟ್ಟೆವು. ಕರೆದವರು ಯಾರು ಅಂತ ಆ ತಾಯಿ ಕೇಳಿದಳು. ನಾನು ಅಂತ ಗುರಿಕಾರರೆಂದರು. ಆಕೆ ಒಳಗೆ ಹೋದಳು. ಒನಕೆ ತರುತ್ತಾಳೆ ಅಂದುಕೊಂಡೆ. ಒಂದು ಚೊಂಬು ಮಜ್ಜಿಗೆ ತಂದಳು. ಬಿಸಿಲಲ್ಲಿ ಬಂದಿದ್ದೀರಿ ಅಂದಳು. ಗುರಿಕಾರರು ಕುಡಿದರು. ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.”

ಗುರಿಕಾರಿಕೆ ಬೇರೊಬ್ಬನಿಗೆ ಹೋಯಿತು. ಆ ಬೇರೊಬ್ಬ ಕೆಟ್ಟವನಾಗಿರಲಿಲ್ಲ. ಹೆಸರು ಕರೆದ, ಕೆಲವು ಮನೆಗಳ ಮಜ್ಜಿಗೆ ಕುಡಿದ, ಮೇಲಿನ ಹುದ್ದೆಗೆ ಹೋದ.

ಕೆಲವು ವರ್ಷಗಳ ನಂತರ ಮತ್ತೆ ಮುತ್ತಿಗೆ ಬಿತ್ತು. ಹೆಸರು ಕರೆಯಲು ದಳವಾಯಿ ಮತ್ತೆ ಆ ಸೈನಿಕನನ್ನೇ ನಿಲ್ಲಿಸಿದ. ಅವನು ಮತ್ತೆ ತನ್ನ ಹೆಸರನ್ನೇ ಕರೆದು ಹೊರಬಿದ್ದ. ಈ ಸಲ ತೊಡೆಗೆ ಬಾಣ ನಾಟಿತು. ಒಂದು ಪೊದೆಯಲ್ಲಿ ಬಿದ್ದುಕೊಂಡ.

ಇತ್ತ ಬಾಗಿಲ ಬಳಿ ಒಂಬತ್ತು ಮಂದಿ, ಏನು ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಬಾಗಿಲು ಹಾಕೋಣ ಎಂದನೊಬ್ಬ. ಅವನು ಬಂದರೆ ಎಂದನಿನ್ನೊಬ್ಬ. ಇಬ್ಬರು ಅಣ್ಣತಮ್ಮಂದಿರು ತಡೆಯಲಾರದೆ, ಯಾರೂ ಕರೆಯದೆ, ಅವನನ್ನು ಹುಡುಕಿಕೊಂಡು ಹೊರಗೆ ಹೋದರು. ಸೈನಿಕ ತೆವಳಿಕೊಂಡು ಕೋಟೆ ಸೇರಿದ. ಅಣ್ಣತಮ್ಮಂದಿರು ಬರಲಿಲ್ಲ. ಅವರ ರುಮಾಲುಗಳು ಗೋಡೆಯ ಮೇಲಿದ್ದವು. ಅವನನ್ನು ನೋಡಿ ಅವರೂ ಅಲ್ಲೇ ಇಡಲು ಕಲಿತಿದ್ದರು.

ಮುತ್ತಿಗೆ ತೆರವಾಯಿತು. ಗಾಯ ಮಾಯುವ ಮೊದಲೇ ಸೈನಿಕ ಆ ಎರಡು ರುಮಾಲು ಹೊತ್ತು ಅವರ ಮನೆಗೆ ಕುಂಟುತ್ತ ಹೋದ.

ತಾಯಿ ಎರಡನ್ನೂ ಮಡಿಲಿಗೆ ಹಾಕಿಕೊಂಡಳು. “ಕರೆದವರು ಯಾರಪ್ಪ?”

“ಯಾರೂ ಕರೆಯಲಿಲ್ಲ, ತಾಯಿ.”

“ಹಾಗಾದರೆ ನಾನು ಯಾರನ್ನು ಬೈಯಲಿ?”

ಆಕೆ ಬಾಗಿಲು ಹಾಕಿಕೊಂಡಳು. ಅವನು ಸಂಜೆಯವರೆಗೆ ಅಲ್ಲೇ ನಿಂತಿದ್ದ. ಬಾಗಿಲು ತೆರೆಯಲಿಲ್ಲ.

ಮತ್ತೂ ಒಂದು ಮುತ್ತಿಗೆಯಲ್ಲಿ ಅವನಿಗೆ ಹೆಸರು ಕರೆಯುವ ಸರದಿ ಬಂತು. ದಳವಾಯಿಗೂ ವಯಸ್ಸಾಗಿತ್ತು. “ಇನ್ನು ನಾನು ಕೇಳುವುದಿಲ್ಲ. ಇದೇ ಕಡೆಯದು. ಕರೆ,” ಎಂದ.

ಸೈನಿಕ ತನ್ನ ಮಂದಿಯನ್ನು ನೋಡಿದ. ಕರೆಯಲೇಬೇಕೆಂದು ಅವನಿಗೆ ಈಗ ಗೊತ್ತಿತ್ತು. ಕರೆಯದಿದ್ದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಟೆಯಲ್ಲಿರಲಿಲ್ಲ. ಯಾರನ್ನು ಕರೆಯಬೇಕೆಂಬುದನ್ನೂ ಮನಸ್ಸಿನಲ್ಲಿ ನಿಶ್ಚಯಿಸಿದ್ದ. ಓಟದಲ್ಲಿ ಗಟ್ಟಿಗ, ಹೆಂಡತಿ ಮಕ್ಕಳಿಲ್ಲದವನು, ಇವನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವನು. ಆ ಗೆಳೆಯನಿಗೂ ಅದು ತಿಳಿಯಿತು. “ಕರೆಯೋ ಮಾರಾಯ. ನೀನು ಒದ್ದಾಡುವುದನ್ನು ನೋಡುವುದಕ್ಕಿಂತ ಬಾಣವೇ ಮೇಲು,” ಎಂದು ನಗುತ್ತ ರುಮಾಲಿಗೆ ಕೈ ಹಾಕಿದ.

ಆ ಕೈಯನ್ನು ಸೈನಿಕ ನೋಡಿಬಿಟ್ಟ.

ತನ್ನ ಹೆಸರನ್ನೇ ಕರೆದ.

ಈ ಸಲ ಬಾಗಿಲ ಬಳಿಯಿದ್ದ ಯಾರೂ ಅವನಿಗಾಗಿ ಹೊರಗೆ ಹೋಗಲಿಲ್ಲ. ದಳವಾಯಿ ತಾನೇ ಅಡ್ಡ ನಿಂತಿದ್ದ. ಸೈನಿಕ ಸುದ್ದಿ ತಂದ. ಕೋಟೆ ಉಳಿಯಿತು. ಗುರಿಕಾರಿಕೆ ಆ ಗೆಳೆಯನಿಗೆ ಹೋಯಿತು. ಮುಂದೆ ಸೈನಿಕ ಅವನ ಕೈಕೆಳಗೇ ದುಡಿದು, ಮುದುಕನಾಗಿ, ಕಾಲಾಳಾಗಿಯೇ ಕೋಟೆ ಬಿಟ್ಟ. ಹೊರಡುವ ದಿನ ದಳವಾಯಿ ಅವನನ್ನು ಬಾಗಿಲವರೆಗೆ ಬಿಟ್ಟುಬಂದ. ಏನೋ ಹೇಳಬೇಕೆಂದಿದ್ದನಂತೆ. ಏನು ಹೇಳಿದನೆಂದು ನನಗೆ ಕತೆ ಹೇಳಿದವರು ಹೇಳಲಿಲ್ಲ, ನಾನಾಗಿ ಕಟ್ಟಿ ಸೇರಿಸಿದರೆ ನೀನು ನಂಬಿಬಿಡುತ್ತೀಯ.

ಗುರುಗಳ ಕತೆ ಇಲ್ಲಿಗೆ ಮುಗಿಯಿತು. ಅಂಗಳದಲ್ಲಿ ಶಿಷ್ಯರು ಸೌದೆ ಒಟ್ಟುತ್ತಿದ್ದರು. ಒಬ್ಬನ ಹೆಗಲಿನಿಂದ ಹೊರೆ ಜಾರಿತು, ಉಳಿದವರು ಗೇಲಿ ಮಾಡಿ ನಕ್ಕರು, ನಕ್ಕವರೇ ಹೋಗಿ ಎತ್ತಿಕೊಟ್ಟರು.

ಚೆನ್ನವೀರ ಒಪ್ಪಲಿಲ್ಲ. “ಅವನು ಹೇಡಿಯಲ್ಲ, ಸರಿ. ಆದರೆ ತಾನು ಹೊರದೆ ಬಿಟ್ಟ ಭಾರವೆಲ್ಲ ಬೇರೆಯವರ ಮೇಲೆ ಬಿತ್ತಲ್ಲ! ಎರಡು ಜೀವ ಹೋದ ಮೇಲೂ ಅವನಿಗೆ ಬುದ್ಧಿ ಬರಲಿಲ್ಲವೇ? ಅಷ್ಟು ಮಂದಿಯಲ್ಲಿ ಒಂದು ಹೆಸರು. ಬಾಯಿ ಬಿಟ್ಟು ಅದನ್ನು ಹೇಳುವುದು ಅಷ್ಟೊಂದು ಕಷ್ಟವೇ, ಗುರುಗಳೇ?”

“ಅಗೋ, ನಿನ್ನ ಜೊತೆಯವರು ಅಲ್ಲಿದ್ದಾರೆ, ದಿಡ್ಡಿ ಬಾಗಿಲಿನಿಂದ ಕಳಿಸಲು ಒಬ್ಬನ ಹೆಸರು ಕರೆ.”

ಚೆನ್ನವೀರ ಅಂಗಳದ ಕಡೆ ನೋಡಿದ. ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರನ್ನೂ ಕರೆಯದೆ, ಎದ್ದು ಅಪ್ಪ ಬರಲಿದ್ದ ಊರ ಬಾಗಿಲಿನ ಕಡೆಗೆ ನಡೆದ.